ಪದವೀಧರರ ಪಟ್ಟಿಯಲ್ಲಿ ನನ್ನ ಹೆಸರು

ಅಂಚೆ ಶಿಕ್ಷಣದಲ್ಲಿ ಬಿ.ಎ. ಮುಗಿಸಿದಾಗ ನನಗೆ ಮೂವತ್ತೆರಡು ವರ್ಷ. ಪಿಯುಸಿ ಆದ ಕೂಡಲೇ ಮದುವೆಯಾಗಿ ಶಿವಮೊಗ್ಗದಿಂದ ಭದ್ರಾವತಿಗೆ ಬಂದವಳು ನಾನು. ನನ್ನ ಗಂಡ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಇಬ್ಬರು ಹೆಣ್ಣುಮಕ್ಕಳನ್ನು ಸ್ಕೂಲಿಗೆ ಕಳಿಸಿ, ಅಡಿಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ಓದಿ ಪಡೆದ ಡಿಗ್ರಿ ಅದು. ಪರೀಕ್ಷೆಯ ದಿನಗಳಲ್ಲಿ ಮಕ್ಕಳನ್ನೂ ಮನೆಯನ್ನೂ ನೋಡಿಕೊಂಡವರು ನನ್ನ ಅತ್ತೆ.

ಪಾಸಾದೆ. ಆದರೆ ಕೆಲಸಕ್ಕೆ ಹೋದಲ್ಲೆಲ್ಲ ವಯಸ್ಸು ಕೇಳಿಯೇ ಕಳಿಸಿಬಿಡುತ್ತಿದ್ದರು. ಕ್ರಮೇಣ ನಾನು ಡಿಗ್ರಿಯ ಮಾತೆತ್ತುವುದನ್ನೇ ಬಿಟ್ಟೆ. ನಮ್ಮ ವಠಾರದ ಒಂಬತ್ತು ಮನೆಗಳಲ್ಲಿ ನಾನು ಬಿ.ಎ. ಆದವಳೆಂದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಮೂರ್ನಾಲ್ಕು ವರ್ಷ ಹೀಗೇ ಕಳೆಯಿತು. ಒಮ್ಮೆ ತವರಿಗೆ ಹೋದಾಗ, ಪಿಯುಸಿಯಲ್ಲಿ ನಮಗೆ ಇತಿಹಾಸ ಹೇಳಿಕೊಟ್ಟಿದ್ದ ಮೇಡಂ ದುರ್ಗಿಗುಡಿಯ ತರಕಾರಿ ಅಂಗಡಿಯ ಮುಂದೆ ಸಿಕ್ಕರು. ನಿವೃತ್ತರಾಗಿದ್ದರೂ ಗತ್ತು ಹಾಗೇ ಇತ್ತು. ನಾನು ಬಿ.ಎ. ಮಾಡಿದ್ದು ಕೇಳಿ ಬೆನ್ನು ತಟ್ಟಿದರು. ಮರುಗಳಿಗೆಯಲ್ಲೇ ಜೋರು ಮಾಡಿದರು.

"ಪದವೀಧರ ಕ್ಷೇತ್ರದ ಪಟ್ಟೀಲಿ ಹೆಸರು ಸೇರ್ಸಿದೀಯೇನೇ?"

"ನಮ್ಮ ಹೆಸರು ವೋಟರ್ ಲಿಸ್ಟಲ್ಲಿ ಇದೆ ಮೇಡಂ."

"ಅದಲ್ಲ ಮಾರಾಯ್ತಿ! ಇದು ವಿಧಾನ ಪರಿಷತ್ತಿಂದು. ಡಿಗ್ರಿ ಮಾಡಿದೋರು ಮಾತ್ರ ವೋಟು ಹಾಕೋ ಸೀಟು. ಪಟ್ಟೀನೇ ಬೇರೆ. ನೀನಾಗೇ ಅರ್ಜಿ ಕೊಡ್ಬೇಕು, ಯಾರೂ ಮನೆಗೆ ಬಂದು ಬರ್ಕೊಳಲ್ಲ. ಡಿಗ್ರಿ ಆಗಿ ಮೂರು ವರ್ಷ ಆಗಿದ್ರೆ ಸಾಕು, ಹೋಗಿ ಕೊಡು."

ಶಿವಮೊಗ್ಗದಿಂದ ಹಿಡಿದು ಘಟ್ಟದ ಕೆಳಗೆ ಸಮುದ್ರದ ದಂಡೆಯವರೆಗೂ ಹರಡಿದ ಒಂದು ಕ್ಷೇತ್ರ ಇದೆ, ಅದರಲ್ಲಿ ನನಗೂ ಜಾಗವಿದೆ ಎಂದು ನನಗೆ ತಿಳಿದದ್ದು ಆವತ್ತೇ. ಕೈಯಲ್ಲಿದ್ದ ಬೀನ್ಸು ಚೀಲಕ್ಕೆ ಹಾಕುವುದನ್ನೂ ಮರೆತು ನಿಂತಿದ್ದೆ.

ಅರ್ಜಿ ಕೊಡುವುದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿದ್ದ ಗುಮಾಸ್ತರು ನನ್ನ ಕಾಗದಗಳನ್ನು ಎರಡು ಸಲ ತಿರುವಿ ಹಾಕಿದರು. ಡಿಗ್ರಿ ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಇನಿಷಿಯಲ್ಲು, ರೇಷನ್ ಕಾರ್ಡಿನಲ್ಲಿ ಗಂಡನದು.

"ಇವೆರಡೂ ನೀವೇ ಅನ್ನೋದಕ್ಕೆ ಅಫಿಡವಿಟ್ ಬೇಕಮ್ಮ. ಜೆರಾಕ್ಸಿಗೆ ಗೆಜೆಟೆಡ್ ಆಫೀಸರ್ ಸಹಿನೂ ಇಲ್ಲ."

ಪಕ್ಕದಲ್ಲಿ ನಿಂತಿದ್ದವರೊಬ್ಬರು, "ಒಂದು ವೋಟಿಗೆ ಇಷ್ಟೆಲ್ಲ ಒದ್ದಾಟ ಯಾಕೆ ಬಿಡಿ" ಎಂದರು. ಆ ಮಾತು ಕೇಳಿದ್ದೇ ತಡ, ಬಿಡಬಾರದು ಎಂದು ನಿರ್ಧರಿಸಿಬಿಟ್ಟೆ. ನೋಟರಿಯನ್ನು ಹುಡುಕಿದೆ. ಮೇಡಂಗೆ ಪರಿಚಯವಿದ್ದ ಅಧಿಕಾರಿಯೊಬ್ಬರ ಸಹಿಗೆಂದು ಶಿವಮೊಗ್ಗದ ಬಸ್ಸು ಹತ್ತಿದೆ. ಅವರು ರಜೆಯಲ್ಲಿದ್ದುದರಿಂದ ಎರಡು ದಿನ ಬಿಟ್ಟು ಮತ್ತೆ ಹತ್ತಿದೆ. ಅರ್ಜಿಯ ಕೊನೆಯ ದಿನಕ್ಕೆ ಮುಂಚೆಯೇ ಅದೇ ಗುಮಾಸ್ತರ ಮುಂದೆ ಎಲ್ಲ ಕಾಗದ ಇಟ್ಟಾಗ ಅವರು ಠಸ್ಸೆ ಒತ್ತಿ, "ಈಗ ನಿಮ್ಮ ಹೆಸರು ಯಾರೂ ತೆಗೆಯೋಕಾಗಲ್ಲ" ಎಂದು ನಕ್ಕರು. ಪಟ್ಟಿ ಹೊರಬಿದ್ದ ದಿನ ಗೋಡೆಗೆ ಅಂಟಿಸಿದ್ದ ಹಾಳೆಗಳಲ್ಲಿ ನನ್ನ ಹೆಸರನ್ನು ಬೆರಳಿಟ್ಟು ಓದಿಕೊಂಡೆ.

ಚುನಾವಣೆ ಹತ್ತಿರ ಬಂತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ವಠಾರದ ಮುಂದೆ ಬಿಳಿ ಕಾರು ನಿಂತಿತು. ಅಭ್ಯರ್ಥಿಯೇ ಬಂದಿದ್ದರು, ಜೊತೆಗೆ ನಾಲ್ಕು ಜನ. ಮುಂದಿದ್ದವನು ಪಟ್ಟಿ ನೋಡಿಕೊಂಡು ನಮ್ಮ ಬಾಗಿಲಿಗೆ ಬಂದು, ಬನಿಯನ್ನಿನಲ್ಲಿ ಪೇಪರು ಓದುತ್ತಿದ್ದ ನನ್ನ ಗಂಡನಿಗೆ ಕೈಮುಗಿದ.

"ಸರ್, ತಾವು ಪದವೀಧರರು. ನಿಮ್ಮಂಥ ವಿದ್ಯಾವಂತರು ನಮ್ಮ ಕೈ ಹಿಡೀಬೇಕು."

ನನ್ನವರು ಪೇಪರು ಮಡಚಿದರು. ಒಂಚೂರೂ ಮುಜುಗರವಿಲ್ಲದೆ ಹೇಳಿದರು: "ನಾನು ಎಸ್ಸೆಸ್ಸೆಲ್ಸಿ ಫೇಲು ಸ್ವಾಮಿ. ವೋಟು ನನ್ ಹೆಂಡ್ತೀದು. ಅವಳ ಹತ್ರ ಮಾತಾಡಿ."

ಆತ ಪಟ್ಟಿಯನ್ನು ಇನ್ನೊಮ್ಮೆ ನೋಡಿ ನಾಲಿಗೆ ಕಚ್ಚಿಕೊಂಡ. ನಾನು ಒಳಗೆ ದೋಸೆ ಹುಯ್ಯುತ್ತಿದ್ದೆ. ಅತ್ತೆ ಬಂದವರೇ ನನ್ನ ಕೈಯಿಂದ ಮೊಗಚುವ ಕೈ ಕಿತ್ತುಕೊಂಡರು.

"ದೋಸೆ ನಾನ್ ನೋಡ್ಕೊತೀನಿ. ಹೋಗು, ನಿನ್ನೇ ಕೇಳ್ಕೊಂಡು ಬಂದವ್ರೆ. ಕುರ್ಚಿ ಮೇಲೆ ಕೂತ್ಕೊಂಡೇ ಮಾತಾಡು."

ಕೂತೆ. ಅಭ್ಯರ್ಥಿ ಎದುರಿನ ಸ್ಟೂಲಿನಲ್ಲಿ ಕೂತರು. ವಠಾರದವರೆಲ್ಲ ಬಾಗಿಲ ಹತ್ತಿರ ನೆರೆದಿದ್ದರು. ಅಭ್ಯರ್ಥಿ ತಮ್ಮ ಸೇವೆಯ ಬಗ್ಗೆ ಹೇಳಿ ಮುಗಿಸಿದ ಮೇಲೆ ನಾನು ಕೇಳಿದೆ: "ಕೆಲಸ ಮಾಡ್ಕೊಂಡು ಓದೋರಿಗೆ ಏನ್ ಮಾಡ್ತೀರಿ ಸರ್? ನಾನು ಲೈಬ್ರರಿಗೆ ಹೋಗೋಷ್ಟರಲ್ಲಿ ಬಾಗಿಲು ಹಾಕಿರೋರು. ಅಡಿಗೆ ಮುಗಿಸಿ ಬರೋರು, ಶಿಫ್ಟ್ ಮುಗಿಸಿ ಬರೋರು ಯಾವಾಗ ಓದ್ಬೇಕು?"

ಅವರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡು, "ಇದನ್ನ ಇದುವರೆಗೂ ಯಾರೂ ಕೇಳಿರ್ಲಿಲ್ಲ ಮೇಡಂ" ಎಂದರು. ಅತ್ತೆ ಒಳಗಿನಿಂದ ಎಲ್ಲರಿಗೂ ಕಾಫಿ ಕಳಿಸಿದರು.

ಮತದಾನದ ದಿನ ನನ್ನವರು ಅರ್ಧ ದಿನ ರಜೆ ಹಾಕಿ ಸೈಕಲ್ಲಿನ ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು ಹೋದರು. ಮದುವೆ ಮನೆಗೆಂದು ಇಟ್ಟುಕೊಂಡಿದ್ದ ಹಸಿರು ಸೀರೆ ಉಟ್ಟಿದ್ದೆ. ಮತಗಟ್ಟೆಯ ಬಾಗಿಲಲ್ಲಿ ಪೊಲೀಸಿನವರು ಅವರನ್ನು ತಡೆದು ನನ್ನನ್ನು ಒಳಗೆ ಬಿಟ್ಟರು. ಹಿಂತಿರುಗಿ ನೋಡಿದರೆ ನನ್ನವರು ಬೇವಿನ ಮರದ ಕೆಳಗೆ ನಿಂತು ನಗುತ್ತಿದ್ದರು.

ಒಳಗೆ ನನ್ನ ಮುಂದೆ ಲಾಯರೊಬ್ಬರು, ಹಿಂದೆ ಬ್ಯಾಂಕಿನವರೊಬ್ಬರು. ಮತಪತ್ರದಲ್ಲಿ ಚಿಹ್ನೆಗಳಿರಲಿಲ್ಲ, ಬರೀ ಹೆಸರುಗಳು. ಮುದ್ರೆ ಒತ್ತುವ ಹಾಗಿಲ್ಲ. ಮತಗಟ್ಟೆಯವರೇ ಕೊಟ್ಟ ಪೆನ್ನಿನಲ್ಲಿ ಯಾರು ಮೊದಲು, ಯಾರು ಆಮೇಲೆ ಎಂದು ಅಂಕಿ ಬರೆಯಬೇಕು. ಅವಸರ ಮಾಡಲಿಲ್ಲ. ಎಲ್ಲ ಹೆಸರನ್ನೂ ಓದಿ, ಪರೀಕ್ಷೆಯ ಹಾಳೆಯ ಮೇಲೆ ಬರೆದಷ್ಟೇ ದುಂಡಗೆ ಒಂದು ಬರೆದೆ, ಆಮೇಲೆ ಎರಡು. ಮಡಚಿ ಪೆಟ್ಟಿಗೆಗೆ ಹಾಕಿದೆ. ಯಾರಿಗೆ ಬರೆದೆ ಎಂದು ಇವತ್ತಿಗೂ ಯಾರಿಗೂ ಹೇಳಿಲ್ಲ, ನನ್ನವರಿಗೂ.

ಎಣಿಕೆಗೆ ತುಂಬಾ ಹೊತ್ತು ಹಿಡಿಯಿತು. ನಮ್ಮ ಮನೆಗೆ ಬಂದಿದ್ದವರೇ ಗೆದ್ದರೆಂದು ರೇಡಿಯೋದಲ್ಲಿ ಹೇಳಿದಾಗ ಅತ್ತೆ ವಠಾರದ ನಲ್ಲಿಯ ಹತ್ತಿರ ನಿಂತು, "ಅವ್ರು ನಮ್ ಸೊಸೆ ಹತ್ರ ಬುದ್ಧಿ ಕೇಳ್ಕೊಂಡು ಹೋಗಿದ್ರು, ಗೆಲ್ಲದೆ ಇರ್ತಾರಾ!" ಎಂದು ಸಾರಿದರು. ನಾನು ತಿದ್ದಲು ಹೋಗಲಿಲ್ಲ.

ಆ ವಾರವೇ ಹಿಂದಿನ ಬೀದಿಯ ಹೆಂಗಸೊಬ್ಬರು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದರು. ಬಿ.ಕಾಂ. ಅಂಕಪಟ್ಟಿ, ಮದುವೆಗೆ ಮುಂಚಿನದು.

"ನಂದೂ ಸೇರ್ಸಬೋದಾ ಅಕ್ಕ?" ಎಂದರು.

"ಕೂತ್ಕೊಳ್ಳಿ, ಮೊದ್ಲು ಇನಿಷಿಯಲ್ ನೋಡೋಣ" ಎಂದೆ.