ಚೌಡಿಯನ್ನು ಬಿಟ್ಟು ಬಂದ ಗುತ್ಯಣ್ಣ

ಗುತ್ಯಣ್ಣ ನಮ್ಮ ಡಾಕ್ಟರ ಷಾಪಿನ ಬೆಂಚಿನ ಮೇಲೆ ಕೂತವನೇ ಪಂಚೆ ಸರಿಸಿ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತುತ್ತಿದ್ದ. ಬೆರಳು ತೆಗೆದರೆ ಅಲ್ಲೊಂದು ಗುಳಿ ಹಾಗೇ ಉಳಿಯುತ್ತಿತ್ತು. ಅದು ತುಂಬಿಕೊಳ್ಳುವವರೆಗೆ ಕಾಯುವ ತಾಳ್ಮೆಯೂ ಅವನಿಗಿರಲಿಲ್ಲ. ಎದ್ದು ನನ್ನ ಕಡೆ ತಿರುಗಿ, "ಕಂಪೌಂಡ್ರೇ, ನೀರು ಎಲ್ಲಿಗ್ ಬಂತಂತೆ?" ಎನ್ನುತ್ತಿದ್ದ. ಕೇಳುತ್ತಿದ್ದುದು ಕಾಲಿನ ನೀರನ್ನಲ್ಲ, ಶರಾವತಿಯ ಹಿನ್ನೀರನ್ನು.

ಅರವತ್ತರ ದಶಕದ ಮಾತು. ನಾನು ರಿಪ್ಪನ್‌ಪೇಟೆಯ ಡಾಕ್ಟರೊಬ್ಬರ ಹತ್ತಿರ ಕಂಪೌಂಡರ್ ಆಗಿದ್ದೆ. ಗುತ್ಯಣ್ಣ ಬ್ಯಾಕೋಡಿನ ಕಡೆ ಗೇಣಿ ಮಾಡಿಕೊಂಡಿದ್ದವನು. ಅಣೆಕಟ್ಟಿನ ನೀರಿಗೆ ಊರು ಮುಳುಗಿದ ಮೇಲೆ ಹೆಂಡತಿ ನಾಗಕ್ಕನನ್ನು ಕರೆದುಕೊಂಡು ಇಲ್ಲಿಗೆ ಬಂದು, ಸಂತೆಗೆ ಮೂಟೆ ಸಾಗಿಸುವ ಎತ್ತಿನ ಗಾಡಿ ಇಟ್ಟುಕೊಂಡಿದ್ದ. ಎರಡೇ ವರ್ಷಕ್ಕೆ ಮುಖ, ಕಾಲು ಊದಿಕೊಂಡವು. ಅವನ ಮೂತ್ರವನ್ನು ಗಾಜಿನ ಕೊಳವೆಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ ಒಡೆದ ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಕಿಡ್ನಿ ಕೆಟ್ಟಿದೆ, ಉಪ್ಪು ಮುಟ್ಟಬೇಡ, ನೀರು ಅಳೆದು ಕುಡಿ, ಒಂದು ಹೊತ್ತು ಮಾತ್ರೆ ಬಿಟ್ಟರೂ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

ಗುತ್ಯಣ್ಣ ಮಾತ್ರೆ ತೆಗೆದುಕೊಂಡ. ರೋಗದ ಹೆಸರನ್ನು ಮಾತ್ರ ಒಪ್ಪಲಿಲ್ಲ.

"ಕಿಡ್ನಿ ಅಲ್ಲ ಕಂಪೌಂಡ್ರೇ, ಚೌಡಿ, ನಮ್ಮ ಮನೆ ಕಾಯೋ ದೇವ್ರು. ಮನೆ ಖಾಲಿ ಮಾಡೋ ದಿನ ಗಾಡೀಲಿ ಒಂದೇ ಕಲ್ಲಿಗೆ ಜಾಗ ಇತ್ತು. ನಾನು ಬೀಸೋ ಕಲ್ಲು ಹೇರ್ಕಂಡೆ. ಚೌಡಿ ಕಲ್ಲನ್ನ ನಾಳೆ ಒಯ್ದ್ರಾತು ಅಂದೆ. ನಾಳೆ ಹೋದ್ರೆ ದಾರೀನೇ ಇಲ್ಲ. ಅವ್ಳು ಅಲ್ಲಿ ಕುತ್ಗೆ ಮಟ್ಟ ನೀರಲ್ಲಿ ಕುಂತಾಳೆ. ನನ್ನ ಒಣಾಕ್ಕೆ ಬಿಡ್ತಾಳಾ?"

ನನಗೆ ರೇಗುತ್ತಿತ್ತು. ಆದರೆ ಹಾಳಾದ್ದು, ಮಳೆಗಾಲದಲ್ಲಿ ಹಿನ್ನೀರು ಏರಿದಾಗಲೇ ಅವನ ಕಾಲೂ ಊದುತ್ತಿತ್ತು. ಸಂಜೆ ಸಾಗರದ ಬಸ್ಸು ಬಂತೆಂದರೆ ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದ. ಹಿನ್ನೀರಿನ ಆಚೆಯ ತುಮರಿ ಕಡೆಯವರು ಯಾರಾದರೂ ಇಳಿದರೆ ಅವರ ಚೀಲ ಹಿಡಿದುಕೊಂಡೇ ವಿಚಾರಣೆ. ಅನ್ನದ ಮುಂದೆ ಕೂತರೂ ಎರಡು ಸಲ ಏಳುತ್ತಿದ್ದನಂತೆ. ಅವನು ಬಂದು ಹೋದ ಮೇಲೆ ನನಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಕಟ್ಟಿದ ಪೊಟ್ಟಣವನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ದೀಪಾವಳಿ ಹತ್ತಿರ ನಾಗಕ್ಕ ಒಬ್ಬಳೇ ಬಂದಳು. "ಕಣ್ಣಿಗ್ ಕಣ್ಣು ಹಚ್ಚಲ್ಲ ಅವ್ರು. ನೀವ್ ಹೇಳಿದ್ರೆ ಕೇಳ್ತಾರೆ. ಎಂತಾರೂ ಒಂದ್ ಮಾತು ಹೇಳಿ" ಎಂದಳು.

ಮರುದಿನ ಅವನು ಬಂದು ಕೇಳುವ ಮೊದಲೇ ನಾನು ಹೇಳಿಬಿಟ್ಟೆ: "ತುಮರಿಯವರೊಬ್ರು ಬಂದಿದ್ರು ಗುತ್ಯಣ್ಣ. ನೀರು ಇಳೀತಾ ಇದೆಯಂತೆ."

ಅವನು ಮೊದಲ ಸಲ ಬೆಂಚಿನ ಮೇಲೆ ಪೂರ್ತಿ ಕೂತ. ಎಲೆಯಡಿಕೆ ಕೇಳಿ ಹಾಕಿಕೊಂಡ. ಆಮೇಲೆ ಎಂಟು ದಿನ ಚೆನ್ನಾಗಿ ನಿದ್ದೆ ಮಾಡಿದನಂತೆ. ಊತವೂ ಇಳಿಯಿತು. ಮಾತ್ರೆಯಿಂದಲೋ, ನಿದ್ದೆಯಿಂದಲೋ, ಯಾರಿಗೆ ಗೊತ್ತು. ನಾನಂತೂ ಡಾಕ್ಟರಿಗಿಂತ ನಾನೇ ಜಾಣ ಎಂದು ಒಳಗೊಳಗೇ ಬೀಗಿದೆ. ಥೂ, ಈಗ ನೆನೆದರೂ ನಾಚಿಕೆಯಾಗುತ್ತದೆ.

ಒಂಬತ್ತನೇ ದಿನ ನಾಗಕ್ಕ ಏದುಸಿರು ಬಿಡುತ್ತ ಬಂದಳು. ಚೌಡಿಯೇ ತನ್ನನ್ನು ಬಿಟ್ಟ ಮೇಲೆ ಮಾತ್ರೆ ಎಂತಕ್ಕೆ ಎಂದು ಅವನು ನಾಲ್ಕು ದಿನದಿಂದ ಮಾತ್ರೆ ನುಂಗಿರಲಿಲ್ಲ. ಉಪ್ಪಿನಕಾಯಿ ಕಲಸಿಕೊಂಡು ಉಂಡಿದ್ದ. ಈಗ ಕಲ್ಲು ತರುತ್ತೇನೆಂದು ಬೆಳಗಿನ ಬಸ್ಸು ಹತ್ತಿ ಹೋಗಿದ್ದ.

ಮೂರು ದಿನ ಬಿಟ್ಟು ಬಂದ. ಕಣ್ಣು ಮುಚ್ಚುವಷ್ಟು ಮುಖ ಊದಿತ್ತು, ಮಾತಿಗೊಮ್ಮೆ ಉಸಿರು ಎಳೆಯುತ್ತಿದ್ದ. ಡಾಕ್ಟರು ನೋಡಿ, ಈಗಲೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ಅವನನ್ನೂ ನಾಗಕ್ಕನನ್ನೂ ಬಸ್ಸಿಗೆ ಹತ್ತಿಸಲು ನಾನೂ ಹೋದೆ.

"ನೀರು ಇಳ್ದಿಲ್ಲ ಕಂಪೌಂಡ್ರೇ. ದಡ ತುಂಬಿ ನಿಂತದೆ" ಎಂದ.

"ನಾನೇ ಸುಳ್ಳು ಹೇಳಿದ್ದು ಗುತ್ಯಣ್ಣ. ನನ್ನ ತಪ್ಪು" ಎಂದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಕಿಟಕಿಯ ಸರಳು ಹಿಡಿದುಕೊಂಡು, "ಎಂಟ್ ದಿನ ಒಳ್ಳೆ ನಿದ್ದೆ ಬಂದಿತ್ತು. ಇನ್ನೊಂದ್ಸಲ ಹೇಳಿ ನೋಡಾಣ" ಎಂದ.

"ಮಾತ್ರೆ ತಪ್ಪಿಸ್ಬೇಡ" ಎಂದೆ. ಅವನು ತಲೆ ಆಡಿಸಿದ. ಬಸ್ಸು ಹೊರಟಿತು.

ವಾರದ ಮೇಲೆ ನಾಗಕ್ಕ ಒಬ್ಬಳೇ ಷಾಪಿಗೆ ಬಂದಳು. ಕುಂಕುಮವಿರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಅವತ್ತು ಬಸ್ಸಿನ ಹತ್ತಿರ ನಾನು ಅದೊಂದು ಮಾತು, ನೀರು ಇಳೀತಿದೆ ಅಂತ, ಹೇಳಬೇಕಿತ್ತು ಎಂದು ಅವಳ ಮುಂದೆ ಅತ್ತುಬಿಟ್ಟೆ.

"ನಾನೇ ಹೇಳ್ದೆ ಬಿಡಿ" ಎಂದಳು ನಾಗಕ್ಕ. "ಬಸ್ನಾಗೆ ಅವ್ರ ತಲೆ ತೊಡೆ ಮೇಲ್ ಇಟ್ಕಂಡು, ನೀರು ಚೌಡಿ ಸೊಂಟಕ್ಕೆ ಬಂತು, ಮೊಣಕಾಲಿಗ್ ಬಂತು ಅಂತ ಇಳಿಸ್ತಾ ಹೋದೆ. ಪಾದಕ್ಕೆ ಬರಾ ಹೊತ್ತಿಗೆ ನಿದ್ದೆ ಹತ್ತಿತ್ತು."