ಬೆನ್ನಿಗೆ ಕಿವಿ ಹಚ್ಚುವವರು

ಬ್ಯಾಡಗಿಯ ನಮ್ಮ ಗರಡಿಮನೆಯ ಉಸ್ತಾದರು ಹಗಲು ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಸಂಜೆ ನಮ್ಮನ್ನು ಜೋಳದ ಚೀಲ ಹೊತ್ತು ಓಡುವ ಶರ್ಯತ್ತಿಗೆ ತಯಾರು ಮಾಡುತ್ತಿದ್ದರು. ನಾವು ಉಬ್ಬಿಸಿ ತೋರಿಸಿದ ರಟ್ಟೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಓಡಿ ಬಂದವನ ಬೆನ್ನಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದರು.

"ರಟ್ಟಿ ಸುಳ್ಳ ಹೇಳತೈತಿ, ಉಸರ ಹೇಳೂದಿಲ್ಲ."

ರಾಣೇಬೆನ್ನೂರಿನ ಶರ್ಯತ್ತಿನ ದಿನವೂ ನನ್ನ ಬೆನ್ನು ಕೇಳಿದರು. "ಎದಿಯಾಗ ಕಫ ಐತಿ. ಇವತ್ತ ಚೀಲ ಮುಟ್ಟಬ್ಯಾಡ." ನನಗಿಂತ ಸಣಕಲನೊಬ್ಬ ಗೆದ್ದ. ಸಿಟ್ಟಿಗೆ ನಾನು ತಿಂಗಳುಗಟ್ಟಲೆ ಅವರ ಜೊತೆ ಮಾತು ಬಿಟ್ಟೆ.

ಮುಂದಿನ ವರ್ಷ ಅವರಿಗೇ ಕೆಮ್ಮು ಹತ್ತಿತು. ಪೇಟೆಯ ಘಾಟು ಮೂವತ್ತು ವರ್ಷ ಎದೆಗೆ ಇಳಿದಿತ್ತು. ಹಮಾಲಿ ಬಿಟ್ಟು ಎಂಟು ದಿನವಾಗಿತ್ತು. ಒಂದು ಸಂಜೆ ಅಂಗಿ ತೆಗೆದು ನನಗೆ ಬೆನ್ನು ಕೊಟ್ಟು ಕೂತರು.

"ಕಿವಿ ಹಚ್ಚಿ ಹೇಳಪಾ."

ಹಚ್ಚಿದೆ. ಒಳಗೆ ಒಣಮೆಣಸಿನಕಾಯಿ ತುಂಬಿದ ಚೀಲವನ್ನು ನೆಲದ ಮೇಲೆ ಎಳೆದಂಥ ಸದ್ದು.

"ಚಲೋ ಐತ್ರಿ, ಉಸ್ತಾದ್ರ."

"ಖರೇನ?" ಎಂದು ನಕ್ಕು, ಅಂಗಿ ತೊಟ್ಟರು.

ಮರುದಿನ ಮುಂಜಾನೆ ನನ್ನ ಕಿವಿಯನ್ನು ನಂಬಿ ಚೀಲ ಹೊರಲು ಹೋದರು.