ನನ್ನ ಅತ್ತೆಗೆ ಸೊನ್ನೆ ಹಾಕಿದ ಮೇಡಂ

ಫ್ರೆಂಡ್ಸ್, ಮದುವೆಯಾದ ಮೇಲೆ ಇಲ್ಲಿ ಬರೀ ನಗುವ ಫೋಟೋ ಹಾಕಿದ್ದೇನೆ. ಇವತ್ತು ಮಾತ್ರ ಸಿಟ್ಟು ನೆತ್ತಿಗೇರಿದೆ!

ಬೆಳಿಗ್ಗೆ ಕಲ್ಲುಗುಂಡಿಯ ನಮ್ಮ ಮನೆಗೆ ಒಬ್ಬರು ಮೇಡಂ ಬಂದರು. ಹಳ್ಳಿಯವರ ಸ್ವಯಂಸೇವೆಯ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಾರಂತೆ. ನನ್ನ ಅತ್ತೆಯನ್ನು ಕೇಳಿದರು, "ವಾರಕ್ಕೆ ಎಷ್ಟು ಗಂಟೆ ಸೇವೆ ಮಾಡ್ತೀರಿ? ಯಾವ ಸಂಘದಲ್ಲಿ?"

"ಸಂಘ ಎಂತದೂ ಇಲ್ಲ. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ, ದಿನಾ ಹೋಗಿ ಮಗುವನ್ನು ಮೀಯಿಸುದು. ಅದೆಲ್ಲ ಸೇವೆಯಾ ಮಾರಾಯ್ರೆ?"

"ಸಂಘ ಇಲ್ಲದಿದ್ದರೆ ಲೆಕ್ಕಕ್ಕೆ ಬರುದಿಲ್ಲ" ಎಂದು ಮೇಡಂ ತಮ್ಮ ಫಾರ್ಮಿನಲ್ಲಿ ಸೊನ್ನೆ ಬರೆದರು. ಅರ್ಧ ಊರಿನ ಮಕ್ಕಳನ್ನು ಮೀಯಿಸಿದ ಕೈಗೆ ಸೊನ್ನೆ! ನನ್ನ ಗಂಡ ಬೇರೆ, "ಫಾರ್ಮಿನಲ್ಲಿ ಹಾಗೆ ಉಂಟಲ್ಲ" ಎಂದರು. ಅವರ ಜೊತೆ ಇವತ್ತು ಮಾತಿಲ್ಲ.

ಮೇಡಂಗೆ ಮುಂದಿನ ಮನೆಗಳ ದಾರಿ ಗೊತ್ತಿರಲಿಲ್ಲ. ಅತ್ತೆಯೇ ಕೊಡೆ ಹಿಡಿದು ಹೊರಟರು. ತೋಡಿನ ನೀರು ದಾಟಿಸಿ, ನಾಯಿಗಳನ್ನು ಓಡಿಸಿ, ತುಳು ಮಾತ್ರ ಬರುವ ಅಜ್ಜಿಯರ ಮಾತನ್ನು ಕನ್ನಡದಲ್ಲಿ ಹೇಳಿಕೊಟ್ಟು, ಸಂಜೆ ನಾಲ್ಕಕ್ಕೆ ಊಟವಿಲ್ಲದೆ ಮರಳಿದರು. "ಪಾಪ, ಅವಳು ಒಬ್ಬಳೇ ಎಲ್ಲಿಗೇಂತ ಹೋಗುದು?"

ಮೇಡಂ, ನಿಮ್ಮ ಪಿಎಚ್‌ಡಿಗೆ ಇವತ್ತಿಡೀ ದುಡಿದದ್ದು ಯಾವ ಸಂಘ?